ಕಾಶವ್ವ ಹೇಳಿದ ‘ಆಗಂಗಿಲ್ಲ’

ಕಾಶವ್ವ ಪ್ಲಾಸ್ಟಿಕ್ ಚೀಲವನ್ನು ಹಾಸಿಗೆಯ ಮೇಲೆ ಬೋರಲು ಹಾಕಿ ಕೊಡವಿದಳು. ಔಷಧದಂಗಡಿಯ ಚೀಟಿಗಳು, ಕನ್ನಡಕದ ಡಬ್ಬಿ, ಲವಂಗದ ಪೊಟ್ಟಣ, ಕೊನೆಗೆ ನಾಲ್ಕು ಮಡಿಕೆ ಮಾಡಿದ ಒಂದು ಬಿಳಿ ಹಾಳೆ ಬಿತ್ತು.

ಆಸ್ಟಿನ್ನಿನಿಂದ ವಿಚಾರಣೆಗೆ ಬಂದಿದ್ದ ಶಕುಂತಲಾ ಹಾಳೆ ಬಿಡಿಸಿದಳು. ಮೇಲೆ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್ ಕ್ಲಿನಿಕ್ಕಿನ ಹೆಸರು. ಜನವರಿ ಹದಿನೆಂಟು, ಶನಿವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಔಷಧಗಳ ಪಟ್ಟಿಯ ಆರನೇ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ಸಲ್ಫಾ, ಪೇಷೆಂಟ್ ಡಿಕ್ಲೈನ್ಸ್. ಅಂದರೆ ರೋಗಿಗೆ ಬೇಡವಂತೆ.

ಮೂರು ವಾರದಿಂದ ಊಟ ನಿದ್ದೆ ಬಿಟ್ಟು ಹುಡುಕುತ್ತಿದ್ದದ್ದು ಇಂಥದೇ ಒಂದು ಸಾಲನ್ನು. ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಈ ಸಾಲು ಇರಲೇ ಇಲ್ಲ. ಇದ್ದದ್ದನ್ನು ಯಾರೋ ತೆಗೆದಿದ್ದರು.

ಮಾರ್ಚ್ ಮೊದಲ ವಾರ ಮಗಳ ಮನೆಗೆಂದು ಡಲ್ಲಾಸ್ ಕಡೆಗೆ ಹೋಗಿದ್ದ ಕಾಶವ್ವ, ಅಲ್ಲಿನ ಡಾಕ್ಟರು ಬರೆದುಕೊಟ್ಟ ಸಲ್ಫಾ ಗುಳಿಗೆ ನುಂಗಿ, ಗಂಟಲು ಊದಿ ಉಸಿರು ಕಟ್ಟಿ, ಒಂಬತ್ತು ದಿನ ಐಸಿಯುನಲ್ಲಿ ಮಲಗಿ ಎದ್ದು ಬಂದಿದ್ದಳು. ಆ ಡಾಕ್ಟರನ್ನು ಬೈದು ಉಪಯೋಗವಿರಲಿಲ್ಲ. ಆತ ಬರೆಯುವ ಮೊದಲು ಕಂಪ್ಯೂಟರ್ ನೋಡಿದ್ದ. ಅದು ಈಕೆಗೆ ಯಾವ ಅಲರ್ಜಿಯೂ ಇಲ್ಲ ಎಂದಿತ್ತು.

“ಅವತ್ತು ನೀವು ಏನಂದ್ರಿ, ಅದೇ ಮಾತಲ್ಲಿ ಹೇಳಿ” ಎಂದು ಶಕುಂತಲಾ ಕೇಳಿದಳು.

“ಆ ಗುಳಿಗಿ ತಗೋತೀರೇನು ಅಂತ ಫೋನಿನ್ಯಾಗ ಕೇಳಿದ್ರು. ನನಗ ಅದು ಆಗಂಗಿಲ್ರಿ ಅಂದೆ. ಆತು ಅಂದ್ರು. ಮುಗೀತು.”

ಬಾಗಿಲಿಗೆ ಒರಗಿ ನಿಂತಿದ್ದ ಮಗ ಬಸವರಾಜ್ ತಲೆ ಚಚ್ಚಿಕೊಂಡ. ನಮ್ಮ ಧಾರವಾಡದ ಕಡೆ ‘ಆಗಂಗಿಲ್ಲ’ ಅಂದರೆ ಮೈಗೆ ಒಗ್ಗೋದಿಲ್ಲ ಅಂತ, ತಿಂದರೆ ಮೈತುಂಬ ಗಾದರಿ ಏಳುತ್ತವೆ ಅಂತ, ಕೇಳಿದವರು ನಮ್ಮೂರಿನವರಾಗಿದ್ದರೆ ‘ತಿಂದ್ರ ಏನಾಗತೈತಬೇ’ ಅಂತ ಮರುಪ್ರಶ್ನೆ ಹಾಕುತ್ತಿದ್ದರು ಅಂತ ಅವನು ಸಿಟ್ಟಿನಲ್ಲೇ ವಿವರಿಸಿದ.

ತಪ್ಪು ಹೇಗಾಯಿತೆಂದು ಶಕುಂತಲಾಗೆ ವಿವರಿಸಬೇಕಿರಲಿಲ್ಲ. ಅವಳು ಮೈಸೂರಿನವಳು. ಅವಳ ಕಿವಿಗೂ ‘ಆಗಲ್ಲ’ ಅಂದರೆ ‘ನನ್ನ ಕೈಲಾಗಲ್ಲ, ಬೇಡ’ ಅಂತಲೇ ಮೊದಲು ಕೇಳಿಸುವುದು. ಹಾಗೆಯೇ ಕೇಳಿಸಿಕೊಂಡ ಯಾರೋ ‘ಡಿಕ್ಲೈನ್ಸ್’ ಎಂದು ಟೈಪ್ ಮಾಡಿದ್ದರು. ಅಲರ್ಜಿ ಎಂದು ಬರೆದಿದ್ದರೆ ಅದು ಆ ಕ್ಷಣವೇ ಇದೇ ಕಂಪ್ಯೂಟರ್ ವ್ಯವಸ್ಥೆ ಇರುವ ಟೆಕ್ಸಸ್ಸಿನ ನಲವತ್ತೊಂದು ಕ್ಲಿನಿಕ್ಕುಗಳಿಗೆ ಹೋಗುತ್ತಿತ್ತು. ಬೇಡವೆನ್ನುವುದು ರೋಗಿಯ ಇಷ್ಟ, ಅದನ್ನು ಊರಿಗೆಲ್ಲ ಸಾರುವ ಹಾಗಿಲ್ಲ. ಅದು ಸ್ಟಾಫರ್ಡ್‌ನಲ್ಲೇ ಉಳಿಯಿತು.

ಫೋನಿನಲ್ಲಿ ಮಾತಾಡಿದವರು ಯಾರು ಎಂದು ಕೇಳಿದಳು.

“ಹೆಸರು ಹೇಳಿದ್ರು, ಮರ್ತೇನ್ರಿ. ನಿಮ್ಮ ಕಡೆ ಮಂದಿ. ಭಾಳ ನಯವಾಗಿ ಮಾತಾಡತಿದ್ರು.”

ನಿಮ್ಮ ಕಡೆ ಮಂದಿ. ನಯವಾದ ಮಾತು. ಶಕುಂತಲಾಗೆ ಅಷ್ಟು ಸಾಕಾಯಿತು. ಅವಳ ಹೊಟ್ಟೆಯೊಳಗೆ ಇಪ್ಪತ್ನಾಲ್ಕು ವರ್ಷದಿಂದ ಉರಿಯುತ್ತಿದ್ದ ಒಲೆಗೆ ಯಾರೋ ಒಂದು ಸೌದೆ ನೂಕಿದರು. ತೃಪ್ತಿ, ಇನ್ಯಾರು?

ಇಲ್ಲಿ ತೃಪ್ತಿಯ ವಿಷಯ ಹೇಳಿಬಿಡಬೇಕು. ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚು. ಕೊನೆಯ ವರ್ಷ ಚಿನ್ನದ ಪದಕ ತೃಪ್ತಿಗೆ ಹೋಯಿತು, ಎರಡೇ ಎರಡು ಅಂಕದಲ್ಲಿ. ಡಲ್ಲಾಸಿನ ಮೊದಲ ಕೆಲಸಕ್ಕೆ ಇಬ್ಬರೂ ಅರ್ಜಿ ಹಾಕಿದರು, ಕರೆ ಬಂದದ್ದು ತೃಪ್ತಿಗೆ. ಈಗ ಅವಳದ್ದೇ ಕಂಪನಿ, ಡಲ್ಲಾಸ್ ಪಕ್ಕದ ಪ್ರಾಸ್ಪರ್‌ನಲ್ಲಿ ಕೆರೆಗೆ ಮುಖ ಮಾಡಿದ ಮನೆ, ಕುಟುಂಬ ವೈದ್ಯರಿಗಾಗಿ ಅವಳು ಕಟ್ಟಿದ ‘ಸೇತು’ ಎಂಬ ಕಂಪ್ಯೂಟರ್ ವ್ಯವಸ್ಥೆ, ಕನ್ನಡ ಬಿಟ್ಟು ಬೇರೆ ಬಾರದ ಹಿರಿಯರಿಗೆ ಶನಿವಾರ ಶನಿವಾರ ಅವಳೂ ಸೇರಿ ಸ್ವಯಂಸೇವಕರು ಫೋನಿನಲ್ಲಿ ಕನ್ನಡದಲ್ಲೇ ವಿಚಾರಿಸಿ ಬರೆದುಕೊಳ್ಳುವ ಯೋಜನೆ, ಅದಕ್ಕೊಂದು ಸನ್ಮಾನ. ಕೂದಲಿಗೆ ಬಣ್ಣ ಹಚ್ಚುವುದಿಲ್ಲವಂತೆ, ಆದರೂ ಒಂದು ಬಿಳಿ ಎಳೆಯಿಲ್ಲ. ಇದನ್ನು ಮಾತ್ರ ಶಕುಂತಲಾ ಯಾವತ್ತೂ ಕ್ಷಮಿಸಲಿಲ್ಲ.

ನಮ್ಮ ಶಕುಂತಲಾ ಕಡಿಮೆಯವಳೇನಲ್ಲ. ಆಸ್ಟಿನ್ನಿನ ಪೆಕನ್ ಕ್ರೀಕ್ ಎಂಬ ಪರೀಕ್ಷಾ ಸಂಸ್ಥೆಯಲ್ಲಿ ಹಿರಿಯ ಪರೀಕ್ಷಕಿ. ಇವಳು ಪಾಸ್ ಎಂದು ಸಹಿ ಹಾಕಿದರೆ ಒಂದು ವ್ಯವಸ್ಥೆಗೆ ಮಾನ್ಯತೆ. ಮಾನ್ಯತೆ ಇದ್ದರೆ ಅದನ್ನು ಕೊಂಡ ಡಾಕ್ಟರುಗಳಿಗೆ ಹಣದ ನೆರವು. ಇಲ್ಲದಿದ್ದರೆ ಸಣ್ಣ ಕ್ಲಿನಿಕ್ಕುಗಳವರು ಕೊಂಡದ್ದನ್ನು ವಾಪಸು ಕೊಟ್ಟು ಮತ್ತೆ ಕಾಗದ ಪೆನ್ನು ಹಿಡಿಯಬೇಕು. ಸೇತುವಿನ ವರದಿ ನಾಳೆ ಶುಕ್ರವಾರ ಮಧ್ಯಾಹ್ನ ಹನ್ನೆರಡರ ಒಳಗೆ ಹೋಗಬೇಕಿತ್ತು.

ಇನ್ನೊಂದು ವಿಷಯ. ಮಾನ್ಯತೆಯ ನಿಯಮಗಳಲ್ಲಿ ಏಳನೆಯದನ್ನು ಬರೆದವಳು ಸ್ವತಃ ಶಕುಂತಲಾ. ಯಾರು, ಯಾವಾಗ, ಏನು ಬರೆದರು, ಏನು ಅಳಿಸಿದರು ಎಂಬುದರ ಜಾಡು ಯಾವತ್ತೂ ಅಳಿಯಬಾರದು. ಜಾಡು ಅಳಿದ ವ್ಯವಸ್ಥೆಗೆ ಮಾನ್ಯತೆಯಿಲ್ಲ. ತೃಪ್ತಿಯ ಕಂಪನಿ ಕೊಟ್ಟ ಮಾರ್ಚ್ ತಿಂಗಳ ಜಾಡಿನಲ್ಲಿ ನಾಲ್ಕನೇ ತಾರೀಖಿನ ಬೆಳಿಗ್ಗೆ ಆರು ನಲವತ್ತರಿಂದ ಹನ್ನೊಂದು ನಿಮಿಷ ಮಾಯವಾಗಿತ್ತು. ಕಾಶವ್ವ ಆಸ್ಪತ್ರೆ ಸೇರಿದ ಮರುದಿನದ ಬೆಳಿಗ್ಗೆ ಅದು. ಕೇಳಿದ್ದಕ್ಕೆ ಏನೋ ತಾಂತ್ರಿಕ ದೋಷ ಎಂಬ ಉತ್ತರ ಬಂದಿತ್ತು.

ಆ ಹನ್ನೊಂದು ನಿಮಿಷದಲ್ಲಿ ಏನಳಿಯಿತು ಎಂಬುದು ಈಗ ಅವಳ ಕೈಯಲ್ಲಿತ್ತು. ಹಾಳೆಯ ಫೋಟೋ ತೆಗೆದುಕೊಂಡು, ಹಾಳೆಯನ್ನೂ ಕೇಳಿ ತೆಗೆದುಕೊಂಡು, ಈಗಲೇ ಡಲ್ಲಾಸ್ ಕಡೆಗೆ ಹೊರಡುತ್ತೇನೆ ಎಂದಳು. ಕಾಶವ್ವ ಎದ್ದು ಹೋಗಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಸತ್ತು ಬದುಕಿ ಬಂದ ಮುದುಕಿ, ಡಲ್ಲಾಸ್ ಭಾಳ ದೂರ ಐತಿ, ಹಸಗೊಂಡು ಹೋಗಬ್ಯಾಡ್ರಿ ಎಂದಳು.

ಹ್ಯೂಸ್ಟನ್ ದಾಟುವಷ್ಟರಲ್ಲಿ ಗಂಡನ ಫೋನ್ ಬಂತು. ಹಯಗ್ರೀವ ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿ ಕುಟುಂಬ ವೈದ್ಯ. ಅವನ ಕ್ಲಿನಿಕ್ಕಿನಲ್ಲಿ ಬೇರೆ ಕಂಪನಿಯ ವ್ಯವಸ್ಥೆ ಇದ್ದುದರಿಂದಲೇ ಸೇತುವಿನ ಪರೀಕ್ಷೆ ಇವಳಿಗೆ ಬಂದದ್ದು. ಏನಾದರೂ ಸಿಕ್ಕಿತೇ ಎಂದು ಕೇಳಿದ. ಸಿಕ್ಕಿತು, ಪ್ರಾಸ್ಪರ್‌ಗೆ ಹೋಗುತ್ತಿದ್ದೇನೆ ಎಂದಳು. ಅವನು, ನಲವತ್ತೊಂದು ಡಾಕ್ಟರುಗಳ ಹೊಟ್ಟೆಪಾಡು, ಒಂದು ಸಣ್ಣ ತಪ್ಪಿಗೆ ತೃಪ್ತಿಯವರನ್ನು ಅಷ್ಟು ದೊಡ್ಡದಾಗಿ ಶಿಕ್ಷಿಸಬೇಕೇ ಎಂದು ಶುರು ಮಾಡಿದ.

“ನೀನು ನನ್ನ ಗಂಡನೋ, ಅವಳ ಲಾಯರ್ರೋ?” ಎಂದಳು ಶಕುಂತಲಾ.

ಅವನು ನಕ್ಕು, ಪೇಷೆಂಟ್ ಕಾಯುತ್ತಿದ್ದಾರೆ ಎಂದು ಇಟ್ಟುಬಿಟ್ಟ. ಇವಳಿಗೆ ಮೈಯೆಲ್ಲ ಉರಿದುಹೋಯಿತು. ಕಳೆದ ಯುಗಾದಿಗೆ ತೃಪ್ತಿ ಮಾಡಿ ತಂದಿದ್ದ ಕಾಯಿಹೋಳಿಗೆಯನ್ನು ಇದೇ ಮಹಾನುಭಾವ ಮೂರು ಹಾಕಿಸಿಕೊಂಡು ತಿಂದಿದ್ದ. ಮನೆಯಲ್ಲಿ ಸಕ್ಕರೆ ಮುಟ್ಟದ ಮನುಷ್ಯ. ಮುಂದಿನ ನಾಲ್ಕು ಗಂಟೆಯ ದಾರಿಯಲ್ಲಿ ಶಕುಂತಲಾ ಆ ಮೂರು ಹೋಳಿಗೆಯನ್ನು ಎಷ್ಟು ಸಲ ಎಣಿಸಿದಳೋ ಅವಳಿಗೇ ಗೊತ್ತಿಲ್ಲ. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ ರೊಟ್ಟಿ ತಿಂದಳು. ಚೆನ್ನಾಗಿಯೇ ಇದ್ದಿರಬೇಕು, ರುಚಿ ಮಾತ್ರ ನಾಲಿಗೆಗೆ ಹತ್ತಲಿಲ್ಲ.

ಪ್ರಾಸ್ಪರ್ ತಲುಪಿದಾಗ ಮೂರು ಗಂಟೆ. ಹೊಸ ಹೊಸ ಮನೆಗಳ ಸಾಲು, ಇನ್ನೂ ಬೇರು ಬಿಡದ ಮರಗಳು. ತೃಪ್ತಿ ಮನೆಯ ಮುಂಭಾಗದ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದಳು. ಬಾಗಿಲು ತೆರೆದವಳೇ “ಬಾ ಶಕ್ಕು, ಕಾಫಿ ಕುಡೀತೀಯ?” ಎಂದಳು, ಕಾಲೇಜು ಕ್ಯಾಂಟೀನಿನಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ.

ಕಾಫಿ ಬೇಡ, ಡ್ಯೂಟಿ ಮೇಲೆ ಬಂದಿದ್ದೇನೆ ಎಂದು ಶಕುಂತಲಾ ಹಾಳೆಯನ್ನು ಮೇಜಿನ ಮೇಲೆ ಹರವಿದಳು. ಆರನೇ ಸಾಲಿನ ಮೇಲೆ ಬೆರಳಿಟ್ಟಳು.

ತೃಪ್ತಿಯ ಮುಖ ಬಿಳಿಚಿಕೊಂಡಿತು. ಆ ಮುಖ ಬಿಳಿಚಿಕೊಳ್ಳುವುದನ್ನು ಶಕುಂತಲಾ ಇಪ್ಪತ್ನಾಲ್ಕು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಸುಳ್ಳೇಕೆ, ಅವಳಿಗೆ ಹಿತವಾಯಿತು.

ಅವಳು ಒಂದೊಂದಾಗಿ ಹೇಳುತ್ತ ಹೋದಳು. ಫೋನಿನಲ್ಲಿ ಕೇಳಿದವರು ಮೈಸೂರು ಕಡೆಯವರು. ಧಾರವಾಡದ ‘ಆಗಂಗಿಲ್ಲ’ ಅರ್ಥವಾಗದೆ ಡಿಕ್ಲೈನ್ಸ್ ಎಂದು ಬರೆದರು. ತಪ್ಪು ತಿಳಿದುಕೊಂಡದ್ದು ಅಪರಾಧವಲ್ಲ, ಯಾರಿಗೂ ಆಗಬಹುದು. ಆದರೆ ಮುದುಕಿ ಆಸ್ಪತ್ರೆ ಸೇರಿದ ಸುದ್ದಿ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಹರಡಿದ ಮೇಲೆ, ಬೆಳಗಾಗುವುದನ್ನೇ ಕಾದು, ಆ ಸಾಲನ್ನು ಅಳಿಸಿದರಲ್ಲ, ಅದು ಅಪರಾಧ. ಅಳಿಸಿದ ಜಾಡನ್ನು ಕತ್ತರಿಸಿ ನನ್ನ ಕೈಗಿಟ್ಟದ್ದು ಅದಕ್ಕಿಂತ ದೊಡ್ಡ ಅಪರಾಧ.

“ನೀನೇ ತಾನೇ?” ಎಂದಳು.

“ಹೌದು, ನಾನೇ” ಎಂದಳು ತೃಪ್ತಿ. “ಬರೆದದ್ದೂ ನಾನೇ, ಅಳಿಸಿದ್ದೂ ನಾನೇ. ಹೋಗಿ ವರದಿ ಬರಿ.”

ಇಷ್ಟು ಬೇಗ? ಶಕುಂತಲಾ ಕುರ್ಚಿಯಿಂದ ಅರ್ಧ ಎದ್ದವಳು ಮತ್ತೆ ಕೂತಳು. ಎರಡು ಅಂಕದ ಜಗಳಕ್ಕೆ ಪ್ರಾಂಶುಪಾಲರ ಕೋಣೆಯ ಮುಂದೆ ಮೂರು ದಿನ ನಿಂತವಳು ಈ ತೃಪ್ತಿ. ಗೆದ್ದದ್ದನ್ನು ಬಿಟ್ಟುಕೊಟ್ಟವಳಲ್ಲ, ಸೋತದ್ದನ್ನು ಒಪ್ಪಿಕೊಂಡವಳಲ್ಲ. ಅಂಥವಳು ತಾನು ಕಟ್ಟಿದ ಕಂಪನಿಯನ್ನು ಒಂದು ಕಾಫಿ ಆರುವಷ್ಟು ಹೊತ್ತಿಗೆ ಕೈಬಿಡುತ್ತಾಳೆಯೇ?

ಕಾಶವ್ವ ನಿಜವಾಗಿ ಏನಂದರು ಎಂದು ಕೇಳಿದಳು. ನಾನು ಈಗ ಹೇಳಿದ್ದಲ್ಲ, ಆ ಮಾತಿನ ಹಿಂದೆ ಮುಂದೆ ಏನಿತ್ತು? ತೃಪ್ತಿ ತಡವರಿಸಿದಳು. ನೆನಪಿಲ್ಲ, ಎಷ್ಟೋ ಜನರ ಹತ್ತಿರ ಮಾತಾಡುತ್ತೇನೆ ಎಂದಳು.

ಶಕುಂತಲಾಳ ಕಣ್ಣು ಮತ್ತೆ ಹಾಳೆಯ ಮೇಲೆ ಹೋಯಿತು. ಜನವರಿ ಹದಿನೆಂಟು. ಶನಿವಾರ. ಬೆಳಿಗ್ಗೆ ಹನ್ನೊಂದು ಇಪ್ಪತ್ತು.

ಅಯ್ಯೋ ರಾಮ. ಇದು ಸ್ಟಾಫರ್ಡ್‌ನಲ್ಲೇ ಹೊಳೆಯಬೇಕಿತ್ತು. ಆ ದಿನ ಆಸ್ಟಿನ್ನಿನಲ್ಲಿ ಸಂಕ್ರಾಂತಿ ಕಾರ್ಯಕ್ರಮ. ವೇದಿಕೆಯ ಮೇಲೆ ತೃಪ್ತಿಗೆ ಸನ್ಮಾನ. ಮೂರನೇ ಸಾಲಿನಲ್ಲಿ ಕೂತಿದ್ದ ಶಕುಂತಲಾ ಅವಳ ಮಾವಿನಚಿಗುರು ಬಣ್ಣದ ಸೀರೆಯನ್ನು, ಅದರ ಜರಿಯನ್ನು, ಕೊರಳಿನ ಹಾರವನ್ನು ನುಂಗುವ ಹಾಗೆ ನೋಡಿದ್ದಳು. ಹನ್ನೊಂದಕ್ಕೆ ಭಾಷಣ ಶುರು ಮಾಡಿದವಳು ಹನ್ನೊಂದು ನಲವತ್ತೆರಡಕ್ಕೆ ಮುಗಿಸಿದಳು. ಶಕುಂತಲಾ ಹೊಟ್ಟೆಯುರಿಗೆ ವಾಚು ನೋಡಿಕೊಂಡೇ ಕೂತಿದ್ದಳು, ಒಂದು ನಿಮಿಷವೂ ಆಚೀಚೆಯಿಲ್ಲ. ಮುನ್ನೂರು ಜನರೆದುರು ಮೈಕು ಹಿಡಿದು ನಿಂತವಳು ಸ್ಟಾಫರ್ಡ್‌ನ ಮುದುಕಿಯ ಜೊತೆ ಫೋನಿನಲ್ಲಿ ಮಾತಾಡುವುದು ಸಾಧ್ಯವೇ ಇರಲಿಲ್ಲ.

ತಾನು ಪಟ್ಟ ಹೊಟ್ಟೆಕಿಚ್ಚೇ ಇವಳ ಪರವಾಗಿ ಸಾಕ್ಷಿ ಹೇಳುತ್ತಿದೆಯಲ್ಲ ಎಂದು ಶಕುಂತಲಾಗೆ ಅಳುವಂತಾಯಿತು. ಪರೀಕ್ಷಕಿಯಾಗಿ ಕೇಳುತ್ತಿದ್ದೇನೆ, ಪೂರ್ತಿ ಜಾಡು ನನ್ನ ಕಣ್ಣೆದುರಿಗೇ ತೆಗೆ ಎಂದಳು.

ತೃಪ್ತಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧ ಮುಚ್ಚಿದಳು.

“ಬೇಡ ಶಕ್ಕು. ಇದೊಂದು ಸಲ ನನ್ನ ಮಾತು ಕೇಳು.”

“ತೆಗಿ.”

ತೃಪ್ತಿ ಒಂದೆರಡು ಸಲ ಕೀಲಿ ಒತ್ತಿ ಲ್ಯಾಪ್‌ಟಾಪನ್ನು ಇವಳ ಕಡೆ ತಿರುಗಿಸಿದಳು. ಎರಡೇ ಸಾಲು. ಜನವರಿ ಹದಿನೆಂಟು, ಹನ್ನೊಂದು ಇಪ್ಪತ್ತು, ಬರೆದವರು. ಮಾರ್ಚ್ ನಾಲ್ಕು, ಆರು ನಲವತ್ತಮೂರು, ಅಳಿಸಿದವರು. ಎರಡರ ಮುಂದೆಯೂ ಒಂದೇ ಹೆಸರು.

ಹಯಗ್ರೀವ ಆತ್ರೇಯ, ಎಂ.ಡಿ., ಸ್ವಯಂಸೇವಕ.

ಶಕುಂತಲಾ ಅದನ್ನು ಮೂರು ಸಲ ಓದಿದಳು. ಸಂಕ್ರಾಂತಿ ಕಾರ್ಯಕ್ರಮಕ್ಕೆ ಅವಳು ಒಬ್ಬಳೇ ಹೋಗಿದ್ದಳು. ಅವನಿಗೆ ಶನಿವಾರವೂ ಕ್ಲಿನಿಕ್ಕು. ಹಾಗಂತ ಅವನೇ ಒಂದು ವರ್ಷದಿಂದ ಹೇಳುತ್ತಿದ್ದ. ಕಾಶವ್ವ ಮರ್ಯಾದೆಗೆ ‘ಕೇಳಿದ್ರು, ಅಂದ್ರು’ ಎಂದಿದ್ದಳೇ ಹೊರತು ಹೆಂಗಸು ಎಂದಿರಲಿಲ್ಲ. ಗಂಡಸೋ ಹೆಂಗಸೋ ಎಂದು ಇವಳು ಕೇಳಿರಲೂ ಇಲ್ಲ. ಅಷ್ಟು ಚಿಕ್ಕ ಪ್ರಶ್ನೆ, ಪತ್ತೆ ಮಾಡಲು ಕಲಿಯುವವರು ಮೊದಲ ದಿನ ಕೇಳುವಂಥದ್ದು.

ತೃಪ್ತಿ ತಾನಾಗಿಯೇ ಹೇಳತೊಡಗಿದಳು. ಸ್ವಯಂಸೇವಕರಲ್ಲಿ ಡಾಕ್ಟರು ಅವರೊಬ್ಬರೇ ಅಂತೆ. ತಪ್ಪಾದದ್ದು ಅವರಿಗೆ ಮಾರ್ಚ್ ನಾಲ್ಕರ ಬೆಳಿಗ್ಗೆ ಗೊತ್ತಾಯಿತಂತೆ, ಹೆದರಿ ಅಳಿಸಿದರಂತೆ, ಎಂಟು ಗಂಟೆಗೆ ಅವಳಿಗೆ ಫೋನ್ ಮಾಡಿ ಅತ್ತರಂತೆ. ಪರೀಕ್ಷೆಗೆ ಕೊಟ್ಟ ಪ್ರತಿಯಲ್ಲಿ ಆ ಹನ್ನೊಂದು ನಿಮಿಷವನ್ನು ಕತ್ತರಿಸಿದ್ದು ಮಾತ್ರ ತಾನೇ ಎಂದಳು. ಇದನ್ನೆಲ್ಲ ಅವಳು ತಲೆ ತಗ್ಗಿಸಿಕೊಂಡು ಹೇಳಿದಳು.

ಗಂಡ ಅತ್ತದ್ದನ್ನು ಶಕುಂತಲಾ ಹದಿನೆಂಟು ವರ್ಷದ ಸಂಸಾರದಲ್ಲಿ ಕಂಡಿರಲಿಲ್ಲ. ಆ ದಿನ ಏಳು ಗಂಟೆಗೆ ಅವನು ಅವಳಿಗೆ ಕಾಫಿ ಮಾಡಿಕೊಟ್ಟು, ಪೇಪರಿನಲ್ಲಿ ಬಂದ ಏನನ್ನೋ ಹೇಳಿ ನಗಿಸಿದ್ದ. ಎಂಟು ಗಂಟೆಗೆ ತೃಪ್ತಿಯ ಫೋನಿನಲ್ಲಿ ಅತ್ತಿದ್ದ.

“ನೀನು ಪೂರ್ತಿ ಜಾಡು ಸೇರಿಸಿ ವರದಿ ಬರೆದರೆ ಸೇತುಗೆ ಏನೂ ಆಗಲ್ಲ” ಎಂದಳು ತೃಪ್ತಿ. “ಜಾಡು ಇದೆಯಲ್ಲ. ನನಗೊಂದು ಎಚ್ಚರಿಕೆ ಪತ್ರ ಬರುತ್ತೆ, ಪಾಸ್ ಆಗ್ತೀನಿ. ಆದ್ರೆ ಹಯಗ್ರೀವ್ ಅವರ ಹೆಸರು ಮೆಡಿಕಲ್ ಬೋರ್ಡಿಗೆ ಹೋಗುತ್ತೆ. ರೋಗಿಯ ದಾಖಲೆ ಅಳಿಸಿದ ಡಾಕ್ಟರಿಗೆ ಲೈಸೆನ್ಸ್ ಉಳಿಯಲ್ಲ.”

“ಹಂಗಾದ್ರೆ?”

“ಜಾಡು ಸಿಗಲಿಲ್ಲ ಅಂತ ಬರಿ. ನಿನ್ನ ಏಳನೇ ನಿಯಮ. ಸೇತು ಫೇಲ್. ನಾನು ಅಪೀಲ್ ಹೋಗಲ್ಲ, ಬರೆದು ಕೊಡ್ತೀನಿ.”

ಒಂದೇ ಒಂದು ಸುಳ್ಳು ಸಾಲು. ಅದನ್ನು ಬರೆದರೆ ತೃಪ್ತಿ ಮುಳುಗುತ್ತಾಳೆ, ಗಂಡ ಉಳಿಯುತ್ತಾನೆ. ಈ ಹೆಣ್ಣು ಒಂದಲ್ಲ ಒಂದು ದಿನ ತನ್ನ ಮುಂದೆ ಹೀಗೆ ಕೂತು ಬೇಡಿಕೊಳ್ಳಬೇಕೆಂದು ಶಕುಂತಲಾ ಎಷ್ಟು ರಾತ್ರಿ ಮಗ್ಗುಲು ಬದಲಿಸಿದ್ದಳು. ನಿಜ ಬರೆದರೆ ತೃಪ್ತಿಗೆ ಇನ್ನೊಂದು ಹಾರ, ಇನ್ನೊಂದು ಸನ್ಮಾನ, ತನ್ನ ಮನೆಗೆ ಬೀಗ. ಅವಳು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು.

ಆದರೆ ಒಂದು ಲೆಕ್ಕ ಅವಳ ತಲೆಗೆ ಹತ್ತಲೇ ಇಲ್ಲ. ಇದರಲ್ಲಿ ತೃಪ್ತಿಗೆ ಸಿಗುವುದೇನು?

“ನಲವತ್ತೊಂದು ಜನ ಡಾಕ್ಟರು ನಿನ್ನ ನಂಬಿ ಕೂತಿದ್ದಾರೆ” ಎಂದಳು. “ಅವರ ಗತಿ?”

“ಅವರಿಗೆ ಬೇರೆ ಸಿಸ್ಟಮ್ ಸಿಗುತ್ತೆ” ಎಂದಳು ತೃಪ್ತಿ. ಅವಳ ಕಣ್ಣು ತುಂಬಿತ್ತು. “ಅವನಿಗೆ ಬೇರೆ ಲೈಸೆನ್ಸ್ ಸಿಗಲ್ಲ ಕಣೇ.”

ಶಕುಂತಲಾ ತಲೆಯೆತ್ತಿ ಅವಳನ್ನು ನೋಡಿದಳು.

ಅವನಿಗೆ.

ಹದಿನೆಂಟು ವರ್ಷ. ಯುಗಾದಿ, ದೀಪಾವಳಿ, ಗೃಹಪ್ರವೇಶ, ಮಕ್ಕಳ ಹುಟ್ಟುಹಬ್ಬ. ಎಲ್ಲೇ ಎದುರಾದರೂ ತೃಪ್ತಿಯ ಬಾಯಲ್ಲಿ ಅವನು ‘ಹಯಗ್ರೀವ್ ಅವರು’, ‘ನಿಮ್ಮೆಜಮಾನ್ರು’. ಐದು ನಿಮಿಷದ ಹಿಂದೆಯೂ ‘ಅವರು’. ಕನ್ನಡದ ಹೆಂಗಸು ಪರರ ಗಂಡನನ್ನು ಅಪ್ಪಿತಪ್ಪಿಯೂ ಏಕವಚನದಲ್ಲಿ ಕರೆಯುವುದಿಲ್ಲ. ಕರೆದರೆ ಅದು ಬಾಯಿ ತಪ್ಪಿ ಬಂದ ಮಾತಲ್ಲ, ಬಾಯಿಗೆ ರೂಢಿಯಾದ ಮಾತು.

ತೃಪ್ತಿಗೂ ಗೊತ್ತಾಯಿತು. ಅವಳು ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ನೋಡಿದಳು.

ಶಕುಂತಲಾ ಮೆಲ್ಲಗೆ ಎದ್ದು ಹೋಗಿ, ತೆರೆದೇ ಇದ್ದ ಕೋಣೆಯ ಬಾಗಿಲನ್ನು ಮುಚ್ಚಿ ಬಂದಳು. ಅವಳಿಗೆ ಸಿಟ್ಟು ಕೂಡ ಬರಲಿಲ್ಲ.

“ಎಷ್ಟು ದಿನದಿಂದ?” ಎಂದು ಕೇಳಿದಳು.

ತೃಪ್ತಿ ಕಣ್ಣೊರೆಸಿಕೊಂಡು, ಕೆರೆಯ ಕಡೆಗೇ ಮುಖ ಮಾಡಿ ಹೇಳಿದಳು:

“ನಿಮ್ಮ ಮದುವೆಗೂ ಮುಂಚಿಂದ.”